ಯೂನಿಕ್ಸ್ ಸರ್ವರ್‌ಗೆ ಸ್ಟೋರೇಜ್ ಅರೇ ಜೋಡಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲೂ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಘಟ್ಟದ ಮೇಲೂ ಸಹಕಾರಿ ಸಂಘ, ಆಸ್ಪತ್ರೆ, ಕಾಲೇಜುಗಳ ಸರ್ವರ್ ಕೋಣೆಯನ್ನು ಒಬ್ಬರೇ ನೋಡಿಕೊಳ್ಳುವವರು ಹಲವರಿದ್ದಾರೆ. ಅಂಥವರು ದೊಡ್ಡ ಸ್ಟೋರೇಜ್ ಅರೇಯೊಂದನ್ನು, ಅಂದರೆ ಹಲವು ಡಿಸ್ಕ್‌ಗಳನ್ನು ಸರ್ವರ್‌ನ ಹೊರಗೆ ಒಟ್ಟಿಗೆ ಇಟ್ಟು ನಡೆಸುವ ಸಾಧನವನ್ನು, ಮೊದಲ ಬಾರಿಗೆ ಯೂನಿಕ್ಸ್ ಅಥವಾ ಲಿನಕ್ಸ್ ಸರ್ವರ್‌ಗೆ ಜೋಡಿಸುವಾಗ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ಉದಾಹರಣೆಗಳು ಬಹುತೇಕ ಲಿನಕ್ಸ್‌ನವು. ಉಳಿದ ಯೂನಿಕ್ಸ್‌ಗಳಿಗೆ ಬೇರೆಯದೇ ಒಂದು ಪ್ರಶ್ನೆ ಇದೆ. ಜೋಡಣೆಯಲ್ಲಿ ಉಳಿದ ಹೆಚ್ಚಿನ ಕೊರತೆಗಳನ್ನು ಆಮೇಲೂ ಸರಿಪಡಿಸಬಹುದು. ಆದರೆ ಪ್ರತಿ ಡಿಸ್ಕನ್ನು ಅದರ ಸ್ವಂತ ಗುರುತಿನಿಂದಲೇ ಹಿಡಿಯುವುದು ಮತ್ತು ಡೇಟಾ ತುಂಬುವ ಮೊದಲೇ ಸರ್ವರ್‌ನಿಂದ ಅರೇಗೆ ಹೋಗುವ ಪ್ರತಿಯೊಂದು ದಾರಿಯನ್ನೂ ಕಿತ್ತು ಪರೀಕ್ಷಿಸುವುದು, ಇವೆರಡನ್ನು ಮಾತ್ರ ಮುಂದೂಡಬಾರದು.

ನಮ್ಮಂಥ ಸಂಸ್ಥೆಗೆ ಅರೇ ನಿಜಕ್ಕೂ ಬೇಕೇ? ಸರ್ವರ್ ಒಳಗಿನ ಡಿಸ್ಕ್‌ಗಳು ಸಾಲವೇ?

ಒಂದೇ ಸರ್ವರ್ ಇದ್ದು, ಅದರ ಡೇಟಾ ಕೆಲವೇ ಟೆರಾಬೈಟ್‌ಗಳಷ್ಟಿದ್ದರೆ ಒಳಗಿನ ಡಿಸ್ಕ್‌ಗಳೂ ಅವನ್ನು ಒಂದಾಗಿ ಕಟ್ಟಿ, ಡಿಸ್ಕ್ ಕೆಟ್ಟರೂ ಡೇಟಾ ಉಳಿಸುವ ಒಳ್ಳೆಯ ರೇಡ್ ಕಾರ್ಡ್ ಒಂದೂ ಸಾಕು. ಎರಡು ಅಥವಾ ಹೆಚ್ಚು ಸರ್ವರ್‌ಗಳು ಒಂದೇ ಸ್ಟೋರೇಜನ್ನು ಹಂಚಿಕೊಳ್ಳಬೇಕಾದಾಗ, ಒಂದು ಸರ್ವರ್ ಕೆಟ್ಟರೆ ಅದರ ಡಿಸ್ಕನ್ನು ಇನ್ನೊಂದು ತಕ್ಷಣ ಎತ್ತಿಕೊಳ್ಳಬೇಕಾದಾಗ, ಅಥವಾ ಡೇಟಾಬೇಸ್ ನಿಲ್ಲಿಸದೆ ಜಾಗ ಬೆಳೆಸಬೇಕಾದಾಗ ಅರೇ ಬೇಕಾಗುತ್ತದೆ. ಈ ಅಗತ್ಯಗಳಲ್ಲಿ ಒಂದೂ ಇಲ್ಲದಿದ್ದರೆ ಅದೇ ಹಣವನ್ನು ಯುಪಿಎಸ್‌ಗೆ ಮತ್ತು ಬ್ಯಾಕಪ್‌ಗೆ ಹಾಕುವುದು ಮೇಲು.

ಫೈಬರ್ ಚಾನೆಲ್, ಐಸ್ಕಝಿ, ಎಸ್‌ಎಎಸ್: ಇವುಗಳಲ್ಲಿ ಯಾವುದನ್ನು ಆರಿಸಬೇಕು?

ಇವು ಮೂರೂ ಸರ್ವರನ್ನು ಅರೇಗೆ ಜೋಡಿಸುವ ಬಗೆಗಳು. ಒಂದೆರಡು ಸರ್ವರ್‌ಗಳು ಅರೇಯ ಪಕ್ಕದ ರ್‍ಯಾಕ್‌ನಲ್ಲೇ ಇದ್ದರೆ ಎಸ್‌ಎಎಸ್ ಕೇಬಲಿನಿಂದ ನೇರವಾಗಿ ಜೋಡಿಸುವುದು ಅತ್ಯಂತ ಸರಳ. ಮಧ್ಯದಲ್ಲಿ ಸ್ವಿಚ್ ಇರುವುದಿಲ್ಲ, ಕೆಡುವ ಭಾಗಗಳೂ ಕಡಿಮೆ. ಸರ್ವರ್‌ಗಳು ಹೆಚ್ಚಿದ್ದು, ಸ್ಟೋರೇಜ್‌ಗೆಂದೇ ಬೇರೆ ಜಾಲ ಇಡುವ ಶಕ್ತಿ ಸಂಸ್ಥೆಗೆ ಇದ್ದರೆ ಫೈಬರ್ ಚಾನೆಲ್ ಒಳ್ಳೆಯದು. ಈಥರ್ನೆಟ್ ಬಲ್ಲವರು ಮಾತ್ರ ಸಿಗುವ ಊರಿನಲ್ಲಿ 10 ಗಿಗಾಬಿಟ್ ಈಥರ್ನೆಟ್ ಮೇಲೆ ಐಸ್ಕಝಿ ನಡೆಸುವುದೇ ಜಾಣತನ. ರಾತ್ರಿ ಹೊತ್ತು ತೊಂದರೆಯಾದರೆ ಶಿರಸಿಯಲ್ಲಿ ಈಥರ್ನೆಟ್ ಸ್ವಿಚ್ ನೋಡಬಲ್ಲವರು ಸಿಗುತ್ತಾರೆ, ಆದರೆ ಫೈಬರ್ ಚಾನೆಲ್ ಸ್ವಿಚ್‌ನ ಝೋನಿಂಗ್ (ಯಾವ ಪೋರ್ಟ್ ಯಾವುದರೊಡನೆ ಮಾತಾಡಬಹುದೆಂದು ಗೊತ್ತುಮಾಡುವುದು) ಬಲ್ಲವರನ್ನು ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಕರೆಸಬೇಕಾದೀತು. ತಂತ್ರಜ್ಞಾನವನ್ನು ಆರಿಸುವಾಗ ವೇಗದ ಅಂಕಿಗಳಿಗಿಂತ ಈ ಮಾತಿಗೆ ಹೆಚ್ಚು ತೂಕ ಕೊಡಬೇಕು.

ಯಾವ ರೇಡ್ ಹಂತ ಇಡಬೇಕು? ಹಾಟ್ ಸ್ಪೇರ್‌ಗೆ ಡಿಸ್ಕ್ ಬಿಡುವುದು ದಂಡವಲ್ಲವೇ?

ರೇಡ್ 5ರಲ್ಲಿ ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುತ್ತದೆ, ರೇಡ್ 6ರಲ್ಲಿ ಎರಡು ಹೋದರೂ ಉಳಿಯುತ್ತದೆ. ರೇಡ್ 10ರಲ್ಲಿ ಪ್ರತಿ ಜೋಡಿಯಲ್ಲಿ ಒಂದೊಂದು ಹೋದರೂ ನಡೆಯುತ್ತದೆ, ಆದರೆ ಒಂದೇ ಜೋಡಿಯ ಎರಡೂ ಹೋದರೆ ಎಲ್ಲವೂ ಹೋಯಿತು. ಬರೆಯುವ ಕೆಲಸದ ಲೆಕ್ಕ ಬೇರೆ. ಒಂದು ಸಣ್ಣ ಬರಹಕ್ಕೆ ರೇಡ್ 10 ಎರಡು ಸಲ ಡಿಸ್ಕ್ ಮುಟ್ಟಿದರೆ, ರೇಡ್ 5 ನಾಲ್ಕು ಸಲ, ರೇಡ್ 6 ಆರು ಸಲ ಮುಟ್ಟುತ್ತದೆ. ಹಾಗಾಗಿ ದಿನವಿಡೀ ಖಾತೆ ಬರೆಯುವ ಡೇಟಾಬೇಸ್‌ಗೆ ರೇಡ್ 10, ಸ್ಕ್ಯಾನ್ ಮಾಡಿದ ದಾಖಲೆ ಮತ್ತು ಎಕ್ಸ್‌ರೇ ಚಿತ್ರಗಳಿಗೆ ರೇಡ್ 6 ಎಂದು ಇಟ್ಟುಕೊಳ್ಳಬಹುದು. ದೊಡ್ಡ ಡಿಸ್ಕ್‌ಗಳಲ್ಲಿ ರೇಡ್ 5ನ್ನು ಇನ್ನು ಬಿಡುವುದೇ ಸರಿ. ಏಕೆಂದರೆ 8 ಟೆರಾಬೈಟ್‌ನ ಡಿಸ್ಕೊಂದನ್ನು ಸೆಕೆಂಡಿಗೆ 100 ಮೆಗಾಬೈಟ್ ವೇಗದಲ್ಲಿ ಎಡೆಬಿಡದೆ ಬರೆದರೂ ಮರುನಿರ್ಮಾಣಕ್ಕೆ 22 ಗಂಟೆ ಹಿಡಿಯುತ್ತದೆ. ದಿನದ ವ್ಯವಹಾರವೂ ಜೊತೆಗೇ ನಡೆಯುತ್ತಿದ್ದರೆ ಇನ್ನೂ ಹೆಚ್ಚು. ಆ ಅವಧಿಯುದ್ದಕ್ಕೂ ರೇಡ್ 5ಕ್ಕೆ ಯಾವ ರಕ್ಷಣೆಯೂ ಇರುವುದಿಲ್ಲ.

ಹಾಟ್ ಸ್ಪೇರ್ ಎಂದರೆ ಡಿಸ್ಕೊಂದು ಕೆಟ್ಟೊಡನೆ ಅದರ ಜಾಗಕ್ಕೆ ಬರಲು ಅರೇಯೊಳಗೆ ಸಿದ್ಧವಿರುವ ಡಿಸ್ಕ್. ಅದು ದಂಡವಲ್ಲ, ನಮ್ಮ ಜಿಲ್ಲೆಯಲ್ಲಂತೂ ಖಂಡಿತ ಅಲ್ಲ. ನಾಲ್ಕು ಗಂಟೆಯೊಳಗೆ ಬಿಡಿಭಾಗ ತಲುಪಿಸುವ ಎಎಂಸಿ (ವಾರ್ಷಿಕ ನಿರ್ವಹಣೆ) ಒಪ್ಪಂದಗಳು ಮಹಾನಗರಗಳನ್ನು ಮನಸ್ಸಿನಲ್ಲಿಟ್ಟು ಬರೆದವು. ಮಳೆಗಾಲದಲ್ಲಿ ಅರಬೈಲು ಘಟ್ಟದ ರಸ್ತೆಯಾಗಲಿ ದೇವಿಮನೆ ಘಟ್ಟದ ರಸ್ತೆಯಾಗಲಿ ಯಾವಾಗ ಮುಚ್ಚೀತೆಂದು ಹೇಳಲಾಗದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾದಾಗ ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಗಿದ್ದುದನ್ನು ಈ ಭಾಗದವರು ಮರೆತಿಲ್ಲ. ಆದ್ದರಿಂದ ಅರೇಯ ಒಳಗೆ ಕನಿಷ್ಠ ಒಂದು ಹಾಟ್ ಸ್ಪೇರ್ ಇರಲಿ, ಕಪಾಟಿನಲ್ಲಿ ಅದೇ ಮಾದರಿಯ ಇನ್ನೊಂದು ಡಿಸ್ಕ್, ಒಂದು ಪವರ್ ಸಪ್ಲೈ ಮತ್ತು ಎರಡು ಆಪ್ಟಿಕಲ್ ಮಾಡ್ಯೂಲ್‌ಗಳೂ ಇರಲಿ. ಬಿಡಿಭಾಗಗಳ ದಾಸ್ತಾನು ಯಾವ ಊರಿನಲ್ಲಿದೆ ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ.

ಕೋಣೆಯಲ್ಲಿ ಏನೇನು ಸಿದ್ಧವಿರಬೇಕು?

ಸರ್ವರ್ ಕೋಣೆಗೆ 18ರಿಂದ 27 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶವನ್ನು ಶಿಫಾರಸು ಮಾಡುತ್ತಾರೆ. ಎಸಿ ಇದ್ದರೆ ಅದು ಕಷ್ಟವಲ್ಲ. ಕಷ್ಟದ ವಿಷಯವೆಂದರೆ ತೇವ. ಜುಲೈ ತಿಂಗಳಲ್ಲಿ ಕರಾವಳಿಯ ಹೊರಗಾಳಿಯ ತೇವಾಂಶ ಸುಲಭವಾಗಿ ಶೇ. 80 ದಾಟುತ್ತದೆ, ಕಾರವಾರದಂಥ ಊರಿನಲ್ಲಿ ಆ ಗಾಳಿಯ ಜೊತೆ ಉಪ್ಪೂ ಬರುತ್ತದೆ. ಉಪ್ಪು ತೇವದೊಂದಿಗೆ ಸೇರಿ ಕನೆಕ್ಟರ್‌ಗಳ ಲೋಹವನ್ನು ಮೆಲ್ಲಗೆ ತಿನ್ನುತ್ತದೆ. ಡಿಸ್ಕ್ ಟ್ರೇ ಬ್ಯಾಕ್‌ಪ್ಲೇನ್‌ಗೆ ಕೂರುವ ಜಾಗದಲ್ಲಿ ಸಂಪರ್ಕ ಸಡಿಲವಾದರೆ, ಚೆನ್ನಾಗಿರುವ ಡಿಸ್ಕೇ ಕೆಟ್ಟಿದೆಯೆಂದು ಅರೇ ವರದಿ ಮಾಡೀತು. ಕಿಟಕಿಯ ಸಂದುಗಳನ್ನು ಮುಚ್ಚಿಸಿ, ತೇವ ಹೀರುವ ಯಂತ್ರ ಇಡಿ, ರಾತ್ರಿ ಎಸಿ ಆರಿಸಿ ಬೆಳಿಗ್ಗೆ ಹಾಕುವ ಅಭ್ಯಾಸವನ್ನು ಪೂರ್ತಿ ನಿಲ್ಲಿಸಿ. ತಣ್ಣಗಾದ ಲೋಹದ ಮೇಲೆ ಬೆಚ್ಚಗಿನ ಒದ್ದೆ ಗಾಳಿ ಬಡಿದಾಗಲೇ ನೀರು ಹನಿಗಟ್ಟುವುದು.

ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ಸರ್ಜ್ ರಕ್ಷಣೆಯೂ ಸರಿಯಾದ ಅರ್ಥಿಂಗ್ ಕೂಡ ಬೇಕೇ ಬೇಕು. ಅರೇಯ ಎರಡು ಪವರ್ ಸಪ್ಲೈಗಳನ್ನು ಎರಡು ಬೇರೆ ಬೇರೆ ಯುಪಿಎಸ್‌ಗಳಿಗೆ ಕೊಡಿ. ಎರಡನ್ನೂ ಒಂದೇ ಯುಪಿಎಸ್‌ಗೆ ಚುಚ್ಚಿದರೆ ಎರಡು ಸಪ್ಲೈ ಇದ್ದೂ ಪ್ರಯೋಜನ ಅರ್ಧಕ್ಕೆ ಇಳಿಯುತ್ತದೆ.

ಫೈಬರ್ ಕೇಬಲ್‌ಗಳನ್ನು ಯಾವ ಕ್ರಮದಲ್ಲಿ ಹಾಕಬೇಕು? ಝೋನಿಂಗ್ ಹೇಗೆ?

ಸರ್ವರ್‌ನಲ್ಲಿ ಎರಡು ಎಚ್‌ಬಿಎ (ಫೈಬರ್ ಚಾನೆಲ್ ಕಾರ್ಡ್) ಪೋರ್ಟ್‌ಗಳು, ಎರಡು ಫೈಬರ್ ಚಾನೆಲ್ ಸ್ವಿಚ್‌ಗಳು, ಅರೇಯಲ್ಲಿ ಅದರ ಡಿಸ್ಕ್‌ಗಳನ್ನು ನಡೆಸುವ ಎರಡು ಕಂಟ್ರೋಲರ್‌ಗಳು ಇವೆ ಎಂದಿಟ್ಟುಕೊಳ್ಳಿ. ಸರ್ವರ್‌ನ ಮೊದಲ ಪೋರ್ಟ್ ಮೊದಲ ಸ್ವಿಚ್‌ಗೆ, ಎರಡನೆಯದು ಎರಡನೇ ಸ್ವಿಚ್‌ಗೆ ಹೋಗಬೇಕು. ಅರೇಯ ಪ್ರತಿ ಕಂಟ್ರೋಲರ್‌ನಿಂದ ಒಂದೊಂದು ಕೇಬಲ್ ಎರಡೂ ಸ್ವಿಚ್‌ಗಳಿಗೆ ಬರಬೇಕು. ಎರಡು ಸ್ವಿಚ್‌ಗಳನ್ನು ಪರಸ್ಪರ ಜೋಡಿಸಬಾರದು. ಅವು ಪ್ರತ್ಯೇಕವಾಗಿದ್ದರೆ ಒಂದರ ಸಂರಚನೆ ಕೆಟ್ಟಾಗ ಇನ್ನೊಂದಕ್ಕೆ ಅದು ಹರಡುವುದಿಲ್ಲ.

ಪ್ರತಿ ಪೋರ್ಟಿಗೂ 16 ಹೆಕ್ಸಾಡೆಸಿಮಲ್ ಅಂಕಿಗಳ ಡಬ್ಲ್ಯೂಡಬ್ಲ್ಯೂಪಿಎನ್ ಎಂಬ ಗುರುತು ಇರುತ್ತದೆ. ಝೋನ್‌ಗಳನ್ನು ಸ್ವಿಚ್‌ನ ಪೋರ್ಟ್ ಸಂಖ್ಯೆಯಿಂದ ಮಾಡುವುದಕ್ಕಿಂತ ಈ ಗುರುತಿನಿಂದಲೇ ಮಾಡುವುದು ಒಳ್ಳೆಯದು. ಒಂದು ಝೋನ್‌ನಲ್ಲಿ ಒಂದೇ ಸರ್ವರ್ ಪೋರ್ಟ್ ಇರಲಿ, ಅದರ ಜೊತೆ ಅದಕ್ಕೆ ಬೇಕಾದ ಅರೇ ಪೋರ್ಟ್‌ಗಳಿರಲಿ. ಎಲ್ಲ ಸರ್ವರ್‌ಗಳನ್ನೂ ಒಂದೇ ಝೋನ್‌ಗೆ ತುಂಬಿದರೆ ಒಂದು ಸರ್ವರ್ ಮರುಚಾಲನೆಯಾದಾಗಲೂ ಅದರ ಸದ್ದು ಉಳಿದವಕ್ಕೆ ಮುಟ್ಟುತ್ತದೆ.

ಕೇಬಲ್ ಉದ್ದಕ್ಕೂ ಮಿತಿ ಇದೆ: ಓಎಂ3 ಎಂಬ ಬಗೆಯ ಫೈಬರ್ ಕೇಬಲ್‌ನಲ್ಲಿ 8 ಗಿಗಾಬಿಟ್ ವೇಗಕ್ಕೆ 150 ಮೀಟರ್, 16ಕ್ಕೆ 100 ಮೀಟರ್, 32ಕ್ಕೆ 70 ಮೀಟರ್. ಎರಡೂ ತುದಿಗೆ ಲೇಬಲ್ ಅಂಟಿಸಿ, ತೇವಕ್ಕೆ ಶಾಯಿ ಹರಡದ ಲೇಬಲ್ ಆರಿಸಿ. ಬಳಸದ ಆಪ್ಟಿಕಲ್ ಪೋರ್ಟ್‌ಗಳ ರಬ್ಬರ್ ಮುಚ್ಚಳವನ್ನು ಎಸೆಯಬೇಡಿ.

ಅರೇಯಲ್ಲಿ ಲನ್ ಮಾಡಿದ್ದೇವೆ, ಆದರೆ ಸರ್ವರ್‌ನಲ್ಲಿ ಕಾಣುತ್ತಿಲ್ಲ. ಎಲ್ಲಿಂದ ಹುಡುಕಬೇಕು?

ಲನ್ ಎಂದರೆ ಅರೇ ತನ್ನ ಜಾಗದಿಂದ ಬೇರ್ಪಡಿಸಿ ಸರ್ವರ್‌ಗೆ ಒಂದು ಡಿಸ್ಕಿನಂತೆ ಕೊಡುವ ಭಾಗ. ಅದು ಕಾಣದಿದ್ದರೆ ಕೆಳಗಿನಿಂದ ಮೇಲಕ್ಕೆ ಬನ್ನಿ. ಮೊದಲು ಪೋರ್ಟ್‌ನ ದೀಪ. ನಂತರ ಲಿನಕ್ಸ್‌ನ ಸಿಸ್ ಫೈಲ್ ವ್ಯವಸ್ಥೆಯಲ್ಲಿ ಎಫ್‌ಸಿ (ಫೈಬರ್ ಚಾನೆಲ್) ಹೋಸ್ಟ್ ಅಡಿಯಲ್ಲಿ ಪೋರ್ಟ್ ಸ್ಥಿತಿ ಆನ್‌ಲೈನ್ ಎಂದಿದೆಯೇ ಎಂಬುದು. ಆಮೇಲೆ ಸ್ವಿಚ್‌ನಲ್ಲಿ ಸರ್ವರ್‌ನ ಗುರುತೂ ಅರೇಯ ಗುರುತೂ ಲಾಗಿನ್ ಆಗಿವೆಯೇ ನೋಡಿ. ಇಲ್ಲಿ ಅನೇಕರು ಎಡವುವ ಜಾಗವೊಂದಿದೆ: ಝೋನ್ ಸಂರಚನೆಯನ್ನು ಉಳಿಸಿರುತ್ತಾರೆ, ಆದರೆ ಚಾಲ್ತಿಗೆ ತಂದಿರುವುದಿಲ್ಲ. ಅದೂ ಸರಿಯಿದ್ದರೆ ಅರೇಯಲ್ಲಿ ಆ ಲನ್ ನಿಮ್ಮ ಸರ್ವರ್‌ನ ಹೋಸ್ಟ್ ಗುಂಪಿಗೇ ಮ್ಯಾಪ್ ಆಗಿದೆಯೇ, ಹೋಸ್ಟ್ ಗುಂಪಿನಲ್ಲಿ ಎರಡೂ ಪೋರ್ಟ್‌ಗಳ ಗುರುತು ಇದೆಯೇ, ಕಾರ್ಯವ್ಯವಸ್ಥೆಯ ಬಗೆಯನ್ನು ಸರಿಯಾಗಿ ಆರಿಸಿದ್ದೀರಾ ಎಂದು ಪರಿಶೀಲಿಸಿ. ಕೊನೆಯಲ್ಲಿ ಮಾತ್ರ ಮರುಸ್ಕ್ಯಾನ್. ಅದಕ್ಕೆ ರಿಸ್ಕ್ಯಾನ್-ಸ್ಕಝಿ-ಬಸ್ ಎಂಬ ಸ್ಕ್ರಿಪ್ಟ್ ಇದೆ, ಸರ್ವರ್ ಮರುಚಾಲನೆಯ ಅಗತ್ಯವಿಲ್ಲ.

ಒಂದೇ ಲನ್ ಕೊಟ್ಟರೂ ನಾಲ್ಕು ಡಿಸ್ಕ್‌ಗಳು ಕಾಣುತ್ತಿವೆ. ಏನಾದರೂ ತಪ್ಪಾಗಿದೆಯೇ?

ತಪ್ಪಾಗಿಲ್ಲ, ಮೇಲಿನ ಜೋಡಣೆಯಲ್ಲಿ ನಾಲ್ಕೇ ಕಾಣಬೇಕು. ಸರ್ವರ್‌ನ ಎರಡು ಪೋರ್ಟ್‌ಗಳಲ್ಲಿ ಪ್ರತಿಯೊಂದೂ ಅರೇಯ ಎರಡು ಕಂಟ್ರೋಲರ್‌ಗಳನ್ನು ನೋಡುವುದರಿಂದ ನಾಲ್ಕು ದಾರಿಗಳಾದವು. ಪ್ರತಿ ದಾರಿಯನ್ನೂ ಲಿನಕ್ಸ್ ಎಸ್‌ಡಿಬಿ, ಎಸ್‌ಡಿಸಿ ಎಂಬ ಬೇರೆ ಬೇರೆ ಹೆಸರಿನ ಡಿಸ್ಕ್ ಎಂದು ತೋರಿಸುತ್ತದೆ. ಈ ಹೆಸರುಗಳು ಬಸ್ಸಿನ ಸೀಟಿನ ಸಂಖ್ಯೆಯಂತೆ, ಮುಂದಿನ ಸಲ ಅದೇ ಸೀಟಿನಲ್ಲಿ ಬೇರೊಬ್ಬರು ಕೂತಿರಬಹುದು. ಇವತ್ತು ಎಸ್‌ಡಿಬಿ ಆಗಿದ್ದದ್ದು ಮರುಚಾಲನೆಯ ನಂತರ ಎಸ್‌ಡಿಎಫ್ ಆಗುವುದು ಸಹಜ. ಆದ್ದರಿಂದ ಈ ಹೆಸರಿನ ಮೇಲೆ ಫೈಲ್ ಸಿಸ್ಟಮ್ ಮಾಡುವುದಾಗಲಿ, ಸರ್ವರ್ ಏಳುವಾಗ ಬಳಕೆಗೆ ತೆರೆಯಬೇಕಾದ (ಮೌಂಟ್ ಮಾಡಬೇಕಾದ) ಡಿಸ್ಕ್‌ಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಈ ಹೆಸರನ್ನು ಬರೆಯುವುದಾಗಲಿ ಎಂದೂ ಕೂಡದು.

ಬದಲಾಗದ ಗುರುತು ಡಬ್ಲ್ಯೂಡಬ್ಲ್ಯೂಐಡಿ. ಅದನ್ನು ಅರೇಯೇ ಲನ್‌ಗೆ ಕೊಡುತ್ತದೆ, ನಾಲ್ಕೂ ದಾರಿಗಳಲ್ಲಿ ಒಂದೇ ಆಗಿರುತ್ತದೆ. ಮಲ್ಟಿಪಾತ್ ತಂತ್ರಾಂಶ ಈ ಗುರುತನ್ನು ನೋಡಿಯೇ ನಾಲ್ಕು ದಾರಿಗಳನ್ನು ಒಂದೇ ಸಾಧನವಾಗಿ ಕಟ್ಟುತ್ತದೆ. ಮಲ್ಟಿಪಾತ್ ಸಂರಚನಾ ಫೈಲಿನಲ್ಲಿ ಪ್ರತಿ ಡಬ್ಲ್ಯೂಡಬ್ಲ್ಯೂಐಡಿಗೂ ಅರ್ಥವಾಗುವ ಅಡ್ಡಹೆಸರು ಕೊಡಿ. ಠೇವಣಿ ಡೇಟಾಬೇಸ್‌ಗೆ ಠೇವಣಿ01, ಅಡಿಕೆ ಟೆಂಡರ್ ದಾಖಲೆಗೆ ಅಡಿಕೆ01 ಎಂಬಂತೆ ಉದ್ದೇಶವನ್ನು ಹೇಳುವ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಂಡರೆ, ಅಪರಾತ್ರಿ ಕೆಲಸ ಮಾಡುವವರಿಗೆ ಯಾವ ಡಿಸ್ಕ್ ಮುಟ್ಟುತ್ತಿದ್ದೇವೆ ಎಂಬ ಅನುಮಾನ ಉಳಿಯುವುದಿಲ್ಲ. ಡಿಸ್ಕ್ ಜಾಗವನ್ನು ಬೇಕಾದಂತೆ ಹಂಚಿ ಬೆಳೆಸುವ ಎಲ್‌ವಿಎಂ ಬಳಸುವುದಾದರೆ ಅದರ ಫಿಲ್ಟರ್‌ನಲ್ಲಿ ಬಿಡಿ ದಾರಿಗಳನ್ನು ಹೊರಗಿಟ್ಟು ಮಲ್ಟಿಪಾತ್ ಸಾಧನವನ್ನು ಮಾತ್ರ ಒಪ್ಪುವಂತೆ ಮಾಡಿ.

ಮಲ್ಟಿಪಾತ್‌ನ ಸ್ಥಿತಿ ವರದಿಯಲ್ಲಿ ದಾರಿಗಳು ಎರಡು ಗುಂಪುಗಳಾಗಿ ಕಾಣುತ್ತವೆ. ಲನ್‌ನ ಒಡೆತನ ಇರುವ ಕಂಟ್ರೋಲರ್‌ಗೆ ಹೋಗುವ ಎರಡು ದಾರಿಗಳಿಗೆ ಸಾಮಾನ್ಯವಾಗಿ 50 ಎಂಬ ಆದ್ಯತೆ, ಇನ್ನೊಂದು ಕಂಟ್ರೋಲರ್ ಮೂಲಕ ಸುತ್ತಿ ಹೋಗುವ ದಾರಿಗಳಿಗೆ 10. ಈ ಏರ್ಪಾಡಿಗೆ ಅಲುವಾ ಎಂದು ಹೆಸರು. ನಾಲ್ಕಕ್ಕೂ ಒಂದೇ ಆದ್ಯತೆ ಕಂಡರೆ ಅರೇಯಲ್ಲಿ ಹೋಸ್ಟ್ ಬಗೆಯನ್ನು ತಪ್ಪಾಗಿ ಇಟ್ಟಿರುವ ಸಾಧ್ಯತೆ ಇದೆ, ತಯಾರಕರ ಕೈಪಿಡಿಯೊಂದಿಗೆ ಹೋಲಿಸಿ ನೋಡಿ.

ದಾರಿಗಳು ನಿಜವಾಗಿ ಕೆಲಸ ಮಾಡುತ್ತವೆ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಕಿತ್ತು ನೋಡಿ. ಪರದೆಯ ಮೇಲೆ ನಾಲ್ಕು ದಾರಿಗಳು ಕಂಡ ಮಾತ್ರಕ್ಕೆ ಅವು ಹೊತ್ತಿಗೆ ಒದಗುತ್ತವೆ ಎಂದಲ್ಲ. ಖಾಲಿ ಲನ್ ಮೇಲೆ ಪರೀಕ್ಷೆಗೆಂದು ಫೈಲ್ ಸಿಸ್ಟಮ್ ಮಾಡಿ, ದೊಡ್ಡ ಫೈಲೊಂದನ್ನು ಎಡೆಬಿಡದೆ ಬರೆಯುವಂತೆ ಬಿಟ್ಟು, ಮೊದಲ ಎಚ್‌ಬಿಎ ಕೇಬಲ್ ತೆಗೆಯಿರಿ. ಬರಹ ಕೆಲವು ಸೆಕೆಂಡು ತಡೆದು ಮತ್ತೆ ಮುಂದುವರಿಯಬೇಕು. ಕೇಬಲ್ ಹಾಕಿ, ದಾರಿ ತಾನಾಗಿ ಮರಳಿ ಬರುವವರೆಗೆ ಕಾಯಿರಿ. ಮರಳಿ ಬರದಿದ್ದರೆ ಪರೀಕ್ಷೆ ಸೋತಂತೆಯೇ. ಅದು ಬಂದ ಮೇಲಷ್ಟೇ ಎರಡನೇ ಕೇಬಲ್, ಆಮೇಲೆ ಒಂದು ಸ್ವಿಚ್‌ನ ವಿದ್ಯುತ್, ಆಮೇಲೆ ಅರೇಯ ಒಂದು ಕಂಟ್ರೋಲರ್‌ನ ಮರುಚಾಲನೆ. ಕೊನೆಗೆ ಬರೆದ ಫೈಲಿನ ಚೆಕ್‌ಸಮ್ (ಅದರ ಡೇಟಾದಿಂದ ಲೆಕ್ಕಹಾಕಿದ ಅಂಕಿ) ಮೂಲದೊಂದಿಗೆ ಹೊಂದುತ್ತದೆಯೇ ಎಂದು ನೋಡಿ. ಪ್ರತಿ ಹಂತದಲ್ಲೂ ಎಷ್ಟು ಸೆಕೆಂಡು ತಡೆಯಿತು ಎಂಬುದನ್ನು ಬರೆದಿಡಿ.

ಈ ಪರೀಕ್ಷೆಯನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ, ಅಂದರೆ ಮಾರ್ಚ್ 31ರ ಲೆಕ್ಕ ಮುಗಿದು ಮಳೆ ಹಿಡಿಯುವ ಮೊದಲು, ಮತ್ತೆ ಮಾಡಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಒಂದು ದಾರಿ ಸತ್ತು ತಿಂಗಳುಗಳೇ ಕಳೆದಿದ್ದರೂ ವ್ಯವಹಾರಕ್ಕೆ ಅಡ್ಡಿಯಾಗದೇ ಇರುವುದರಿಂದ ಯಾರಿಗೂ ಗೊತ್ತಾಗಿರುವುದಿಲ್ಲ. ಉಳಿದ ದಾರಿಯೂ ಸತ್ತ ದಿನ ಗೊತ್ತಾಗುತ್ತದೆ, ಆ ದಿನ ರಸ್ತೆ ಮುಚ್ಚಿರಲೂಬಹುದು. ದಾರಿಗಳ ಸಂಖ್ಯೆ ಕಡಿಮೆಯಾದರೆ ಮೊಬೈಲ್‌ಗೆ ಸಂದೇಶ ಬರುವಂತೆ ಸಣ್ಣದೊಂದು ಸ್ಕ್ರಿಪ್ಟ್ ಇಟ್ಟುಕೊಳ್ಳಿ.

ಎಲ್ಲ ದಾರಿಗಳೂ ಒಟ್ಟಿಗೆ ಹೋದರೆ ಸರ್ವರ್ ಏನು ಮಾಡಬೇಕು?

ಮಲ್ಟಿಪಾತ್‌ನ ನೋ ಪಾತ್ ರಿಟ್ರೈ ಎಂಬ ಸಂರಚನೆ ಇದನ್ನು ನಿರ್ಧರಿಸುತ್ತದೆ. ಕ್ಯೂ ಎಂದಿಟ್ಟರೆ ದಾರಿ ಮರಳುವವರೆಗೆ ಬರಹಗಳು ಕಾಯುತ್ತವೆ. ದಾರಿ ಮರಳದಿದ್ದರೆ ಪ್ರಕ್ರಿಯೆಗಳು ಸಿಕ್ಕಿಬಿದ್ದು, ಸರ್ವರನ್ನು ಕ್ರಮವಾಗಿ ಮುಚ್ಚುವುದೂ ಆಗುವುದಿಲ್ಲ. ಫೇಲ್ ಎಂದಿಟ್ಟರೆ ತಕ್ಷಣ ದೋಷ ಹೋಗುತ್ತದೆ. ಸಂಖ್ಯೆಯನ್ನೂ ಕೊಡಬಹುದು: ಪರಿಶೀಲನೆಯ ಅಂತರ 5 ಸೆಕೆಂಡು ಇದ್ದು ಸಂಖ್ಯೆ 12 ಇದ್ದರೆ ಸುಮಾರು ಒಂದು ನಿಮಿಷ ಕಾಯುತ್ತದೆ. ಒಂಟಿ ಸರ್ವರ್‌ಗೆ ಇಂಥ ಮಿತಿಯ ಕಾಯುವಿಕೆ ಸೂಕ್ತ. ಕ್ಲಸ್ಟರ್ ಇದ್ದರೆ ಅದರ ತಯಾರಕರು ಹೇಳಿದ ಮೌಲ್ಯವನ್ನೇ ಇಡಿ.

ಐಸ್ಕಝಿಗೆ ವಿಶೇಷವಾಗಿ ಏನನ್ನು ಗಮನಿಸಬೇಕು?

ಐಸ್ಕಝಿ ಟಿಸಿಪಿ ಪೋರ್ಟ್ 3260ರಲ್ಲಿ ನಡೆಯುತ್ತದೆ. ಕಚೇರಿಯ ಸಾಮಾನ್ಯ ಜಾಲದಲ್ಲಿ ಅದನ್ನು ಬಿಡದೆ ಎರಡು ಪ್ರತ್ಯೇಕ ಸಬ್‌ನೆಟ್‌ಗಳನ್ನು ಕೊಡಿ, ಒಂದೊಂದೂ ತನ್ನದೇ ಸ್ವಿಚ್‌ನಲ್ಲಿರಲಿ. ಜಾಲದ ಪೋರ್ಟ್‌ಗಳನ್ನು ಬಾಂಡಿಂಗ್ ಮಾಡಬೇಡಿ (ಒಂದಾಗಿ ಕಟ್ಟಬೇಡಿ), ದಾರಿಗಳನ್ನು ಸೇರಿಸುವ ಕೆಲಸ ಮಲ್ಟಿಪಾತ್‌ನದು. ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 9000 ಇಡುವುದಾದರೆ ಸರ್ವರ್, ಸ್ವಿಚ್, ಅರೇ ಮೂರರಲ್ಲೂ ಇಡಬೇಕು, ಮತ್ತು 8972 ಬೈಟ್‌ಗಳ ಪಿಂಗನ್ನು ತುಂಡರಿಸಬಾರದೆಂಬ ಸೂಚನೆಯೊಂದಿಗೆ ಕಳಿಸಿ ಖಚಿತಪಡಿಸಿಕೊಳ್ಳಬೇಕು. ಲಿನಕ್ಸ್‌ನಲ್ಲಿ ಸಂಪರ್ಕ ಕಡಿದ ಮೇಲೆ ಕಾಯುವ ಅವಧಿ ಮೊದಲಿಗೆ 120 ಸೆಕೆಂಡು ಇರುತ್ತದೆ. ಮಲ್ಟಿಪಾತ್ ಇರುವಾಗ ಅದನ್ನು 5ರಿಂದ 15ರ ನಡುವೆ ಇಳಿಸದಿದ್ದರೆ ದಾರಿ ಬದಲಾಗುವಷ್ಟರಲ್ಲಿ ಡೇಟಾಬೇಸ್ ಕೈಬಿಟ್ಟಿರುತ್ತದೆ. ಎಫ್‌ಎಸ್‌ಟ್ಯಾಬ್‌ನಲ್ಲಿ ನೆಟ್‌ಡೆವ್ ಆಯ್ಕೆ ಸೇರಿಸಿ, ಜಾಲ ಏಳುವ ಮೊದಲೇ ಮೌಂಟ್ ಮಾಡಲು ಹೋಗದಿರಲಿ.

ಒಂದು ಅಪಾಯದ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ಒಂದು ಸರ್ವರ್‌ನ ಪ್ರತಿಯಿಂದ ಇನ್ನೊಂದನ್ನು ಮಾಡಿದರೆ ಅರೇಗೆ ಸರ್ವರನ್ನು ಗುರುತಿಸಿಕೊಡುವ ಇನಿಶಿಯೇಟರ್ ಹೆಸರೂ ಹಾಗೆಯೇ ನಕಲಾಗುತ್ತದೆ. ಆಗ ಎರಡನ್ನೂ ಒಂದೇ ಸರ್ವರ್ ಎಂದು ಅರೇ ನಂಬಿ ಒಂದೇ ಲನ್ನನ್ನು ಇಬ್ಬರಿಗೂ ಕೊಟ್ಟುಬಿಡುತ್ತದೆ.

ಹಾಗೆ ಎರಡು ಸರ್ವರ್‌ಗಳು ಒಂದೇ ಲನ್ ಬಳಸಿದರೆ ಏನಾಗುತ್ತದೆ?

ಎಕ್ಸ್‌ಎಫ್‌ಎಸ್ ಅಥವಾ ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಮ್ ಇರುವ ಲನ್ನನ್ನು ಎರಡು ಸರ್ವರ್‌ಗಳು ಒಂದೇ ವೇಳೆ ಮೌಂಟ್ ಮಾಡಿದರೆ ಡೇಟಾ ಹಾಳಾಗುತ್ತದೆ, ಒಂದು ಕಡೆ ಓದಲು ಮಾತ್ರ ಮೌಂಟ್ ಮಾಡಿದರೂ ಸುರಕ್ಷಿತವಲ್ಲ. ಹಂಚಿಕೊಳ್ಳಲೇಬೇಕಿದ್ದರೆ ಜಿಎಫ್‌ಎಸ್2 ಅಥವಾ ಓಸಿಎಫ್‌ಎಸ್2ರಂಥ ಕ್ಲಸ್ಟರ್ ಫೈಲ್ ಸಿಸ್ಟಮ್ ಬೇಕು. ಬರಿಯ ಫೈಲ್ ಹಂಚಿಕೆಗೆ ಎನ್‌ಎಫ್‌ಎಸ್ ಸಾಕು.

ಎಐಎಕ್ಸ್, ಸೋಲಾರಿಸ್, ಎಚ್‌ಪಿ-ಯುಎಕ್ಸ್‌ಗಳಲ್ಲಿ ಏನು ವ್ಯತ್ಯಾಸ?

ಎಐಎಕ್ಸ್‌ನಲ್ಲಿ ಹೊಸ ಡಿಸ್ಕ್ ಹುಡುಕಲು ಸಿಎಫ್‌ಜಿಎಂಜಿಆರ್ ಕಮಾಂಡ್, ದಾರಿಗಳನ್ನು ನೋಡಲು ಎಲ್‌ಎಸ್‌ಪಾತ್. ಡಿಸ್ಕ್‌ನ ರಿಸರ್ವ್ ಪಾಲಿಸಿ ಸಿಂಗಲ್ ಪಾತ್ ಎಂದಿದ್ದರೆ ಕೆಲಸವನ್ನು ಎಲ್ಲ ದಾರಿಗಳಿಗೆ ಹಂಚಲು ಆಗುವುದಿಲ್ಲ, ಅದನ್ನು ನೋ ರಿಸರ್ವ್ ಮಾಡಬೇಕು. ಫೈಬರ್ ಅಡಾಪ್ಟರ್‌ನಲ್ಲಿ ಡೈನಮಿಕ್ ಟ್ರ್ಯಾಕಿಂಗ್ ಮತ್ತು ಫಾಸ್ಟ್ ಫೇಲ್ ಎರಡನ್ನೂ ಚಾಲ್ತಿಯಲ್ಲಿಡಿ. ಸೋಲಾರಿಸ್‌ನಲ್ಲಿ ಎಂಪಿಎಕ್ಸ್‌ಐಓ ಎಂಬ ಮಲ್ಟಿಪಾತ್ ವ್ಯವಸ್ಥೆಯನ್ನು ಎಸ್‌ಟಿಎಂಎಸ್‌ಬೂಟ್ ಕಮಾಂಡ್ ಚಾಲ್ತಿಗೆ ತರುತ್ತದೆ. ಅದಕ್ಕೆ ಮರುಚಾಲನೆ ಬೇಕು, ಡಿಸ್ಕ್ ಹೆಸರುಗಳೂ ಬದಲಾಗುತ್ತವೆ, ಆದ್ದರಿಂದ ಡೇಟಾ ತುಂಬುವ ಮೊದಲೇ ಮುಗಿಸಿಕೊಳ್ಳಿ. ಸೋಲಾರಿಸ್‌ನ ಫೈಲ್ ಸಿಸ್ಟಮ್ ಆದ ಝಡ್‌ಎಫ್‌ಎಸ್‌ಗೆ ಒಂದೇ ಲನ್ ಕೊಟ್ಟರೆ ಕೆಟ್ಟ ಡೇಟಾವನ್ನು ಅದು ಗುರುತಿಸಬಲ್ಲದು, ಆದರೆ ಸರಿಪಡಿಸಲು ಅದರ ಬಳಿ ಇನ್ನೊಂದು ಪ್ರತಿ ಇರುವುದಿಲ್ಲ. ಎರಡು ಲನ್‌ಗಳ ಮಿರರ್ ಇದ್ದರೆ ಸರಿಪಡಿಸುತ್ತದೆ. ಎಚ್‌ಪಿ-ಯುಎಕ್ಸ್ 11ಐ ಮೂರನೇ ಆವೃತ್ತಿ 2007ರಲ್ಲಿ ಬಂದಾಗಿನಿಂದ ಮಲ್ಟಿಪಾತ್ ಒಳಗೇ ಇದೆ, ಹಳೆಯ ದಾರಿ ಆಧಾರಿತ ಹೆಸರುಗಳನ್ನು ಬಿಟ್ಟು ಹೊಸ ಡಿಸ್ಕ್ ಹೆಸರುಗಳನ್ನೇ ಬಳಸಬೇಕು.

ಲನ್ ದೊಡ್ಡದು ಮಾಡಿದ ಮೇಲೂ ಹಳೆಯ ಗಾತ್ರವೇ ಕಾಣುತ್ತಿದೆ.

ಲಿನಕ್ಸ್‌ನಲ್ಲಿ ನಾಲ್ಕೂ ದಾರಿಗಳನ್ನು ಒಂದೊಂದಾಗಿ ಮರುಸ್ಕ್ಯಾನ್ ಮಾಡಿ, ನಂತರ ಮಲ್ಟಿಪಾತ್‌ಡಿಗೆ ರಿಸೈಜ್ ಸೂಚನೆ ಕೊಡಿ, ಆಮೇಲೆ ಪಿವಿರಿಸೈಜ್, ಎಲ್‌ವಿಎಕ್ಸ್‌ಟೆಂಡ್, ಕೊನೆಗೆ ಫೈಲ್ ಸಿಸ್ಟಮ್ ಬೆಳೆಸಿ. ಇದೆಲ್ಲವೂ ಮೌಂಟ್ ಆಗಿರುವಾಗಲೇ ಆಗುತ್ತದೆ. ಎಕ್ಸ್‌ಎಫ್‌ಎಸ್ ಅನ್ನು ಬೆಳೆಸಿದ ಮೇಲೆ ಹಳೆಯ ಗಾತ್ರಕ್ಕೆ ಕುಗ್ಗಿಸಬಹುದೆಂದು ನಂಬಿ ಹೊರಡಬೇಡಿ. ಹಳೆಯ ಎಂಬಿಆರ್ ವಿಭಜನೆ 2 ಟೆಬಿಬೈಟ್ ದಾಟದು, ಜಿಪಿಟಿ ಬಳಸಿ ಅಥವಾ ವಿಭಜನೆಯೇ ಇಲ್ಲದೆ ಇಡೀ ಲನ್ನನ್ನು ಎಲ್‌ವಿಎಂಗೆ ಕೊಡಿ. ಮುಂದೆ ಬೆಳೆಸುವವರಿಗೆ ಎರಡನೆಯ ಕ್ರಮವೇ ಹಗುರ.

ಕರೆಂಟ್ ಹೋಗಿ ಬಂದ ಮೇಲೆ ಯಾವುದನ್ನು ಮೊದಲು ಆನ್ ಮಾಡಬೇಕು?

ಮೊದಲು ಸ್ವಿಚ್‌ಗಳು, ನಂತರ ಡಿಸ್ಕ್ ಶೆಲ್ಫ್‌ಗಳು, ಆಮೇಲೆ ಕಂಟ್ರೋಲರ್‌ಗಳು, ಅವು ಪೂರ್ತಿ ಸಿದ್ಧವಾದ ಮೇಲೆ ಸರ್ವರ್. ಮುಚ್ಚುವಾಗ ಇದರ ತಿರುಗುಕ್ರಮ. ಯುಪಿಎಸ್ ಬ್ಯಾಟರಿ ಖಾಲಿಯಾಗುವ ಮೊದಲು ಸರ್ವರ್ ತಾನಾಗಿ ಮುಚ್ಚಿಕೊಳ್ಳುವ ಏರ್ಪಾಡು ಇರಲೇಬೇಕು, ಜನರೇಟರ್ ಇದ್ದೇ ಇದೆ ಎಂದು ಬಿಡಬಾರದು. ಅರೇಯ ಬರಹದ ಕ್ಯಾಶ್‌ಗೆ (ಡಿಸ್ಕ್ ಸೇರುವ ಮೊದಲು ಬರಹ ತಂಗುವ ಮೆಮೊರಿಗೆ) ಕಾವಲಿರುವ ಬ್ಯಾಟರಿ ದುರ್ಬಲವಾದರೆ ಅನೇಕ ಅರೇಗಳು ಆ ಕ್ಯಾಶನ್ನೇ ನಿಲ್ಲಿಸಿಬಿಡುತ್ತವೆ, ಇಡೀ ವ್ಯವಸ್ಥೆ ಒಮ್ಮೆಲೇ ನಿಧಾನವಾಗುತ್ತದೆ. ಇದ್ದಕ್ಕಿದ್ದಂತೆ ಡೇಟಾಬೇಸ್ ತೆವಳತೊಡಗಿದರೆ ಎಸ್‌ಕ್ಯೂಎಲ್ ತಿದ್ದುವ ಮೊದಲು ಆ ಬ್ಯಾಟರಿಯ ಸ್ಥಿತಿ ನೋಡಿ.

ಕಾರವಾರದ ಅರೇಯನ್ನು ಶಿರಸಿಯ ಶಾಖೆಗೆ ರೆಪ್ಲಿಕೇಟ್ ಮಾಡಿದರೆ ಬ್ಯಾಕಪ್ ಬೇಡವೇ?

ಬೇಕು. ರೆಪ್ಲಿಕೇಶನ್ ಎಂದರೆ ಇಲ್ಲಿನ ಪ್ರತಿ ಬದಲಾವಣೆಯನ್ನೂ ಅಲ್ಲಿಗೆ ನಕಲಿಸುವುದು, ಹಾಗಾಗಿ ಇಲ್ಲಿ ಅಳಿಸಿದ ಫೈಲ್ ಅಲ್ಲೂ ಅಳಿಯುತ್ತದೆ. ರೆಪ್ಲಿಕೇಶನ್ ಕಟ್ಟಡ ಹೋದಾಗ ಕಾಯುತ್ತದೆ, ಕೈತಪ್ಪಿದಾಗ ಕಾಯುವುದಿಲ್ಲ. ಪ್ರತಿ ಬರಹವೂ ಅಲ್ಲಿಗೆ ತಲುಪುವವರೆಗೆ ಕಾಯುವ ಸಿಂಕ್ರೊನಸ್ ರೆಪ್ಲಿಕೇಶನ್‌ಗೆ ದೂರವೂ ಲೆಕ್ಕಕ್ಕೆ ಬರುತ್ತದೆ: ಫೈಬರ್‌ನಲ್ಲಿ ಬೆಳಕು ಕಿಲೋಮೀಟರಿಗೆ ಸುಮಾರು 5 ಮೈಕ್ರೊಸೆಕೆಂಡು ತೆಗೆದುಕೊಳ್ಳುವುದರಿಂದ, ಕೇಬಲ್ 120 ಕಿಲೋಮೀಟರ್ ಇದ್ದರೆ ಹೋಗಿ ಬರಲು 1.2 ಮಿಲಿಸೆಕೆಂಡು ಪ್ರತಿ ಬರಹಕ್ಕೂ ಸೇರುತ್ತದೆ. ರಸ್ತೆ ಅಗೆತಕ್ಕೂ ಮರ ಬೀಳುವುದಕ್ಕೂ ಕಡಿಯುವ ಒಂಟಿ ಲೀಸ್ಡ್ ಲೈನ್ ಮೇಲೆ ಅದನ್ನು ನಡೆಸುವುದು ಬೇಡ. ಹಾಗೆ ಕಾಯದ ಅಸಿಂಕ್ರೊನಸ್ ರೆಪ್ಲಿಕೇಶನ್ ಇಟ್ಟು, ಪ್ರತಿ ರಾತ್ರಿಯ ಬ್ಯಾಕಪನ್ನು ಬೇರೆ ಮಾಧ್ಯಮದಲ್ಲಿ ತೆಗೆದು, ಅದರಿಂದ ಮರಳಿ ತರುವ ಅಭ್ಯಾಸವನ್ನೂ ಮಾಡುತ್ತಿರಿ.

ಹಳೆಯ ಲನ್ ತೆಗೆಯುವ ಸರಿಯಾದ ಕ್ರಮ ಯಾವುದು?

ಅರೇಯಲ್ಲಿ ಮೊದಲು ಅಳಿಸಿದರೆ, ಇಲ್ಲದ ಡಿಸ್ಕನ್ನು ಹುಡುಕುತ್ತ ಸರ್ವರ್ ತೊಡಕಿಗೆ ಬೀಳುತ್ತದೆ. ಅನ್‌ಮೌಂಟ್ ಮಾಡಿ, ಎಫ್‌ಎಸ್‌ಟ್ಯಾಬ್ ಸಾಲು ತೆಗೆದು, ವಾಲ್ಯೂಮ್ ಗುಂಪನ್ನು ನಿಷ್ಕ್ರಿಯಗೊಳಿಸಿ, ಡಬ್ಲ್ಯೂಡಬ್ಲ್ಯೂಐಡಿಯನ್ನು ಅರೇಯ ಪಟ್ಟಿಯೊಂದಿಗೆ ಇಬ್ಬರು ಕೂತು ಓದಿ ತಾಳೆ ನೋಡಿ. ನಂತರ ಮಲ್ಟಿಪಾತ್ ಸಾಧನವನ್ನು, ಅದರ ನಾಲ್ಕು ದಾರಿಗಳನ್ನು ಸರ್ವರ್‌ನಿಂದ ತೆಗೆಯಿರಿ. ಕೊನೆಯಲ್ಲಿ ಅರೇಯಲ್ಲಿ ಮ್ಯಾಪಿಂಗ್ ಬಿಡಿಸಿ, ಆದರೆ ಲನ್ನನ್ನು ಒಂದು ವಾರ ಅಳಿಸದೆ ಇಡಿ. ಆ ವಾರದಲ್ಲಿ ಯಾವ ಶಾಖೆಯಿಂದಲೂ ದೂರು ಬರದಿದ್ದರೆ ಅಳಿಸಿ, ಝೋನ್‌ಗಳಿಂದ ಬಳಕೆಯಲ್ಲಿಲ್ಲದ ಗುರುತುಗಳನ್ನೂ ತೆಗೆದುಹಾಕಿ.